ಕಾಯುವುದೂ ಒಂದು ಕೆಲಸ



ರಾಮನಗರದವರು ಇದ್ದೀರಿ. ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರೂ ಇದ್ದೀರಿ. ಹುಳುವಿಗೆ ಸೊಪ್ಪು ಹಾಕಿ, ಹಸು ಕಟ್ಟಿ, ಮನೆಯವರಿಗೆ ಮುದ್ದೆ ಮಾಡಿಟ್ಟು ಬಂದಿದ್ದೀರಿ. ನಿಮಗೆಲ್ಲ ಈಗ ಓದಲು ಬರುತ್ತೆ. ನಾಲ್ಕು ಸಾಲು ಬರೆಯಲು ಬರುತ್ತೆ. ಬಹಳ ಸಂತೋಷ.

ಇವತ್ತು ಒಂದು ಕಷ್ಟದ ಮಾತು ಆಡಬೇಕು. ಮಗುವಿನ ಹೃದಯದ ಆಪರೇಷನ್ ವಿಷಯ. ಮಗು ಒಳಗೆ ಇರುತ್ತೆ. ಬಾಗಿಲು ಮುಚ್ಚಿರುತ್ತೆ. ಹೆತ್ತವರು ಹೊರಗೆ ಕೂತಿರುತ್ತಾರೆ. ಆ ಹೊತ್ತು ಕಳೆಯೋದು ಹೇಗೆ? "ಕೂತು ಅಳೋದು ಬಿಟ್ಟು ನಮ್ಮ ಕೈಲಿ ಏನಾಗುತ್ತೆ?" ಅಂತ ಎಷ್ಟೋ ತಾಯಂದಿರು ಕೇಳುತ್ತಾರೆ. ಆಗುತ್ತೆ ತಾಯಿ, ಬಹಳ ಆಗುತ್ತೆ.

ನಿಮ್ಮಲ್ಲಿ ತುಂಬಾ ಜನ ರೇಷ್ಮೆ ಹುಳು ಸಾಕಿದ್ದೀರಿ. ಹುಳು ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಜ್ವರಕ್ಕೆ ಕೂರುತ್ತೆ. ಆಗ ನೀವು ಏನು ಮಾಡುತ್ತೀರಿ? ಸೊಪ್ಪು ಹಾಕೋದಿಲ್ಲ. ಹುಳು ಮುಟ್ಟೋದಿಲ್ಲ. ಹಾಗಂತ ಬಿಟ್ಟು ಹೋಗುತ್ತೀರಾ? ಇಲ್ಲ. ಸುಣ್ಣದ ಪುಡಿ ಉದುರಿಸುತ್ತೀರಿ. ಗಾಳಿ ಆಡುತ್ತಾ ನೋಡುತ್ತೀರಿ. ಎಲ್ಲ ಹುಳು ಜ್ವರ ಎದ್ದಿತೇ ಅಂತ ಕಾಯುತ್ತೀರಿ. ಅದು ಸುಮ್ಮನೆ ಕೂರುವುದಲ್ಲ. ಕಾಯುವುದೂ ಒಂದು ಕೆಲಸ. ಆಸ್ಪತ್ರೆಯಲ್ಲಿಯೂ ಹಾಗೆಯೇ.

ಒಂದು ಮನೆಯವರನ್ನು ನೆನೆಸಿಕೊಳ್ಳೋಣ. ಇದು ಯಾರೋ ಒಬ್ಬರ ಕಥೆ ಅಲ್ಲ. ಹತ್ತಾರು ಮನೆಗಳಲ್ಲಿ ನಡೆಯುವುದನ್ನು ಒಂದೇ ಮನೆಗೆ ಸೇರಿಸಿ ಹೇಳುತ್ತೇನೆ. ಮಾಗಡಿ ಕಡೆಯ ಒಂದು ಹಳ್ಳಿ. ತಾಯಿ, ತಂದೆ, ಅಜ್ಜಿ. ಮೂರು ವರ್ಷದ ಹೆಣ್ಣು ಮಗು. ಮಗುವಿನ ಹೃದಯದಲ್ಲಿ ತೂತು. ಬೆಂಗಳೂರಿನ ದೊಡ್ಡ ಆಸ್ಪತ್ರೆ. ನಾಳೆ ಬೆಳಿಗ್ಗೆ ಆಪರೇಷನ್.

ಹಿಂದಿನ ದಿನ ಸಂಜೆ: ಒಂದು ಸಹಿ

ಸಂಜೆ ಸಿಸ್ಟರ್ ಒಂದು ಕಾಗದ ತರುತ್ತಾರೆ. ಅದು ಒಪ್ಪಿಗೆ ಪತ್ರ. "ಇಲ್ಲಿ ಸಹಿ ಹಾಕಿ" ಅನ್ನುತ್ತಾರೆ.

ಹಿಂದೆ ಇಂಥ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಕೊಡುತ್ತಿದ್ದೆವು. ಒಳಗೆ ಏನು ಬರೆದಿದೆ ಅಂತ ಗೊತ್ತಿರಲಿಲ್ಲ. ನಮ್ಮ ತಾಯಿಗೆ ಈಗ ಓದು ಬರುತ್ತೆ. ಅವಳು ಕಾಗದ ಕೈಗೆ ತೆಗೆದುಕೊಂಡಳು. ಮಗುವಿನ ಹೆಸರು ಸರಿಯಾಗಿದೆಯೇ ನೋಡಿದಳು. ಕೆಳಗಿನ ದೊಡ್ಡ ಮಾತುಗಳು ಅರ್ಥ ಆಗಲಿಲ್ಲ. ನಾಚಿಕೆ ಪಡಲಿಲ್ಲ. ಕೇಳಿದಳು.

"ಡಾಕ್ಟ್ರೇ, ನಮ್ಮ ಮಗೂಗೆ ಏನಾಗಿದೆ, ನಮ್ಮ ಮಾತಲ್ಲಿ ಹೇಳಿ."

"ಆಪರೇಷನ್ ಮಾಡಿದರೆ ಏನು ಅನುಕೂಲ? ಅಪಾಯ ಎಷ್ಟಿದೆ?"

"ಮಾಡಿಸದೇ ಇದ್ದರೆ ಏನಾಗುತ್ತೆ?"

"ಎಷ್ಟು ಹೊತ್ತು ಆಗುತ್ತೆ? ನಮಗೆ ಯಾರು ಬಂದು ಹೇಳ್ತಾರೆ?"

ಈ ನಾಲ್ಕು ಪ್ರಶ್ನೆ ಯಾವ ತಾಯಿ ಬೇಕಾದರೂ ಕೇಳಬಹುದು. ಕೇಳುವುದು ನಿಮ್ಮ ಹಕ್ಕು. ಉತ್ತರ ಕೇಳಿಕೊಂಡು, ತಿಳಿದುಕೊಂಡು, ಆಮೇಲೆ ಸಹಿ ಹಾಕಿ. ಆ ತಾಯಿ ಹಾಗೆಯೇ ಮಾಡಿದಳು. ಒಂದು ನೋಟ್ ಪುಸ್ತಕ ತಂದಿದ್ದಳು. ಡಾಕ್ಟರು ಹೇಳಿದ್ದನ್ನು ಬರೆದುಕೊಂಡಳು. "ರಾತ್ರಿ ಮೇಲೆ ಏನೂ ತಿನ್ನಿಸಬಾರದು. ಹಾಲು, ನೀರು ಎಷ್ಟು ಗಂಟೆಗೆ ನಿಲ್ಲಿಸಬೇಕು ಸಿಸ್ಟರನ್ನು ಕೇಳಬೇಕು."

ಇದು ಸಣ್ಣ ಮಾತಲ್ಲ. ಹೊಟ್ಟೆಯಲ್ಲಿ ಆಹಾರ ಇದ್ದರೆ ಮತ್ತು ಬರುವ ಔಷಧಿ ಕೊಟ್ಟಾಗ ವಾಂತಿ ಆಗಬಹುದು. ಅದು ಶ್ವಾಸಕೋಶಕ್ಕೆ ಹೋಗಬಹುದು. "ಪಾಪ, ಹಸಿದಿದೆ" ಅಂತ ಕದ್ದು ಬಿಸ್ಕತ್ತು ಕೊಡಬೇಡಿ. ಮಗುವಿಗೆ ಕೆಮ್ಮು, ನೆಗಡಿ, ಜ್ವರ ಇದ್ದರೆ ಮುಚ್ಚಿಡಬೇಡಿ. ಆಪರೇಷನ್ ಮುಂದಕ್ಕೆ ಹೋದರೂ ಚಿಂತೆಯಿಲ್ಲ. ಮಗು ಮುಖ್ಯ.

ಬೆಳಿಗ್ಗೆ 7 ಗಂಟೆ: ಬಾಗಿಲು ಮುಚ್ಚಿತು

ಮಗುವಿನ ಕಾಲಿನ ಗೆಜ್ಜೆ ಬಿಚ್ಚಿದರು. ಕೈಬಳೆ ತೆಗೆದರು. ಸೊಂಟದ ಉಡಿದಾರ, ಕೊರಳಿನ ದೃಷ್ಟಿದಾರ ಬಿಚ್ಚಿಕೊಟ್ಟರು. ತಾಯಿ ಎಲ್ಲವನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಗುವನ್ನು ಒಳಗೆ ಕರೆದುಕೊಂಡು ಹೋದರು. ಬಾಗಿಲ ಮೇಲೆ ಕೆಂಪು ದೀಪ ಹತ್ತಿತು.

ಅವಳು ನೋಟ್ ಪುಸ್ತಕ ತೆಗೆದಳು. ಕೈ ನಡುಗುತ್ತಿತ್ತು. ಆದರೂ ಬರೆದಳು. "7 ಗಂಟೆ. ಒಳಗೆ ಹೋದಳು."

ಒಳಗೆ ಹೋದ ಕೂಡಲೇ ಆಪರೇಷನ್ ಶುರುವಾಗುವುದಿಲ್ಲ. ಮೊದಲು ಮತ್ತು ಬರಿಸಬೇಕು. ಸಣ್ಣ ರಕ್ತನಾಳಗಳಿಗೆ ಕೊಳವೆ ಹಾಕಬೇಕು. ಇದಕ್ಕೇ ಬಹಳ ಹೊತ್ತು ಬೇಕು. ಆದ್ದರಿಂದ ಬಾಗಿಲು ಮುಚ್ಚಿದಾಗಿನಿಂದ ಲೆಕ್ಕ ಹಾಕಿ ಗಾಬರಿಯಾಗಬೇಡಿ.

9 ಗಂಟೆ: ಯಾರ ತಪ್ಪು?

ಸುಮ್ಮನೆ ಕೂತಾಗ ಮನಸ್ಸು ಸುಮ್ಮನಿರುವುದಿಲ್ಲ. ಅಜ್ಜಿ ಗೊಣಗಿದರು. "ಬಸುರಿಯಲ್ಲಿ ಗ್ರಹಣದ ದಿನ ಈಚೆಗೆ ಬರಬೇಡ ಅಂತ ಬಡಕೊಂಡೆ. ಕೇಳಿದಳಾ?" ತಾಯಿ ತಲೆ ತಗ್ಗಿಸಿದಳು. ಈ ಮಾತನ್ನು ಅವಳು ಮೂರು ವರ್ಷದಿಂದ ಕೇಳುತ್ತಿದ್ದಾಳೆ. ರಾತ್ರಿ ಮಲಗಿದಾಗ ತನಗೆ ತಾನೇ ಹೇಳಿಕೊಂಡೂ ಇದ್ದಾಳೆ.

ಅಕ್ಕಂದಿರೇ, ಈ ಮಾತನ್ನು ಗಟ್ಟಿಯಾಗಿ ಹೇಳುತ್ತೇನೆ. ಗ್ರಹಣಕ್ಕೂ ಹೃದಯದ ತೂತಿಗೂ ಸಂಬಂಧ ಇಲ್ಲ. ಹೆಂಗಸಿನ ನಡತೆಗೂ ಸಂಬಂಧ ಇಲ್ಲ. ಹೊಟ್ಟೆಯಲ್ಲಿ ಮಗುವಿನ ಹೃದಯ ರೂಪ ಪಡೆಯುವುದು ಮೊದಲ ಎರಡು ತಿಂಗಳಲ್ಲಿ. ಎಷ್ಟೋ ಹೆಂಗಸರಿಗೆ ಆಗ ಬಸುರಿ ಅನ್ನುವುದೇ ಗೊತ್ತಿರುವುದಿಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಸುಮಾರು 8-9 ಮಕ್ಕಳಿಗೆ ಹೃದಯದಲ್ಲಿ ಏನಾದರೂ ಊನ ಇರುತ್ತೆ. ಬಡವರಲ್ಲೂ ಇದೆ, ಸಾಹುಕಾರರಲ್ಲೂ ಇದೆ. ಅಮೆರಿಕದಲ್ಲೂ ಇದೆ, ನಮ್ಮ ಮಾಗಡಿಯಲ್ಲೂ ಇದೆ. ಹೆಚ್ಚಿನ ಮಕ್ಕಳಲ್ಲಿ ಇದೇ ಕಾರಣ ಅಂತ ಹೇಳಲು ಡಾಕ್ಟರಿಗೂ ಆಗುವುದಿಲ್ಲ.

ಕೆಲವು ಕಾರಣ ಗೊತ್ತಿವೆ. ಬಸುರಿಗೆ ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಎಂಬ ಜ್ವರ, ಗಂಧೆ ಬಂದರೆ ಮಗುವಿನ ಹೃದಯ ಕೆಡಬಹುದು. ಇದಕ್ಕೆ ಲಸಿಕೆ ಇದೆ. ಮಕ್ಕಳಿಗೆ 9 ತಿಂಗಳು ತುಂಬಿದಾಗ ದಡಾರದ ಲಸಿಕೆಯ ಜೊತೆಗೆ ಕೊಡುತ್ತಾರೆ. ಒಂದೂವರೆ ವರ್ಷದ ಹೊತ್ತಿಗೆ ಇನ್ನೊಂದು ಸಲ ಕೊಡುತ್ತಾರೆ. ಬಸುರಿಗೆ ಸಕ್ಕರೆ ಕಾಯಿಲೆ ಇದ್ದು ಹತೋಟಿಯಲ್ಲಿ ಇಲ್ಲದಿದ್ದರೆ ಅಪಾಯ ಹೆಚ್ಚು. ಹತ್ತಿರದ ರಕ್ತಸಂಬಂಧದಲ್ಲಿ ಮದುವೆಯಾದರೂ ಸ್ವಲ್ಪ ಹೆಚ್ಚು. ಇವುಗಳನ್ನು ತಿಳಿದುಕೊಳ್ಳಬೇಕು. ಮುಂದೆ ಎಚ್ಚರ ವಹಿಸಬೇಕು. ಆದರೆ ಆಪರೇಷನ್ ಬಾಗಿಲಲ್ಲಿ ಕೂತ ತಾಯಿಯನ್ನು ಚುಚ್ಚಬಾರದು. ಅವಳ ಬೆನ್ನ ಮೇಲೆ ಆಗಲೇ ಬೆಟ್ಟದಷ್ಟು ಭಾರ ಇದೆ.

10 ಗಂಟೆ: ಒಳಗೆ ಏನು ನಡೆಯುತ್ತಿದೆ?

ಹೃದಯ ಅಂದರೆ ನಾಲ್ಕು ಕೋಣೆಯ ಮನೆ. ಮೇಲೆ ಎರಡು, ಕೆಳಗೆ ಎರಡು. ನಡುವೆ ಗೋಡೆ. ಬಲಗಡೆಯ ಕೋಣೆಗಳಿಗೆ ಮೈಯಿಂದ ಅಶುದ್ಧ ರಕ್ತ ಬರುತ್ತೆ. ಅದು ಶ್ವಾಸಕೋಶಕ್ಕೆ ಹೋಗಿ ಶುದ್ಧವಾಗಿ ಎಡಗಡೆಗೆ ಬರುತ್ತೆ. ಅಲ್ಲಿಂದ ಮೈಗೆಲ್ಲ ಹೋಗುತ್ತೆ.

ನಡುಗೋಡೆಯಲ್ಲಿ ತೂತು ಇದ್ದರೆ? ಎಡಗಡೆಯ ಶುದ್ಧ ರಕ್ತ ಬಲಗಡೆಗೆ ಸೋರುತ್ತೆ. ಮತ್ತೆ ಶ್ವಾಸಕೋಶಕ್ಕೇ ಹೋಗುತ್ತೆ. ಶ್ವಾಸಕೋಶಕ್ಕೆ ಹೊರೆ. ಅದಕ್ಕೇ ಮಗು ಏದುಸಿರು ಬಿಡುತ್ತೆ. ಹಾಲು ಕುಡಿಯುವಾಗ ಹಣೆ ಬೆವರುತ್ತೆ. ನಾಲ್ಕು ಗುಟುಕು ಕುಡಿದು ನಿಲ್ಲಿಸುತ್ತೆ. ತೂಕ ಏರುವುದಿಲ್ಲ. ಪದೇ ಪದೇ ಕಫ, ನ್ಯುಮೋನಿಯಾ ಬರುತ್ತೆ. ಬೇರೆ ಕೆಲವು ಊನಗಳಲ್ಲಿ ತುಟಿ, ಉಗುರು ನೀಲಿ ಆಗುತ್ತೆ. ಆಡುತ್ತಾ ಆಡುತ್ತಾ ಮಗು ಕುಕ್ಕರಗಾಲಲ್ಲಿ ಕೂತುಬಿಡುತ್ತೆ. ಇಂಥ ಗುರುತು ಕಂಡರೆ "ಬಾಲಗ್ರಹ" ಅಂತ ತಾಯಿತ ಕಟ್ಟಿ ಕೂರಬೇಡಿ. ಡಾಕ್ಟರಿಗೆ ತೋರಿಸಿ.

ಎಲ್ಲ ತೂತಿಗೂ ಎದೆ ತೆರೆಯಬೇಕಾಗಿಲ್ಲ. ಸಣ್ಣ ತೂತು ಕೆಲವು ಸಲ ತಾನೇ ಮುಚ್ಚಿಕೊಳ್ಳುತ್ತೆ. ಕೆಲವನ್ನು ತೊಡೆಯ ರಕ್ತನಾಳದಿಂದ ಕೊಳವೆ ತೂರಿಸಿ, ಪುಟ್ಟ ಕೊಡೆಯಂಥ ಸಾಧನ ಇಟ್ಟು ಮುಚ್ಚುತ್ತಾರೆ. ನಮ್ಮ ಕಥೆಯ ಮಗುವಿಗೆ ಎದೆ ತೆರೆಯಲೇಬೇಕು.

ಬಡಿಯುವ ಹೃದಯಕ್ಕೆ ಹೊಲಿಗೆ ಹಾಕುವುದು ಹೇಗೆ? ಅದಕ್ಕೆ ಒಂದು ಯಂತ್ರ ಇದೆ. ಸ್ವಲ್ಪ ಹೊತ್ತು ಹೃದಯದ ಕೆಲಸ, ಶ್ವಾಸಕೋಶದ ಕೆಲಸ ಎರಡನ್ನೂ ಆ ಯಂತ್ರ ಮಾಡುತ್ತೆ. ಆಗ ಹೃದಯ ನಿಲ್ಲಿಸಿ, ತೂತಿಗೆ ತೇಪೆ ಹಾಕಿ ಹೊಲಿಯುತ್ತಾರೆ. ಹರಿದ ರವಿಕೆಗೆ ನಾವು ತೇಪೆ ಹಾಕುವ ಹಾಗೆಯೇ. ಆದರೆ ಮಗುವಿನ ಹೃದಯ ಅದರ ಮುಷ್ಟಿಯಷ್ಟೇ ಇರುತ್ತೆ. ಅಷ್ಟು ನಾಜೂಕಿನ ಕೆಲಸ. ಆಮೇಲೆ ಹೃದಯ ಮತ್ತೆ ಬಡಿಯಲು ಶುರು ಮಾಡುತ್ತೆ.

1953ರಲ್ಲಿ ಅಮೆರಿಕದ ಡಾ. ಗಿಬ್ಬನ್ ಇಂಥ ಯಂತ್ರ ಇಟ್ಟುಕೊಂಡು ಆಪರೇಷನ್ ಮಾಡಿ ಗೆದ್ದರು. ಆದರೆ ಆಗಿನ ಯಂತ್ರವನ್ನು ನಂಬುವ ಹಾಗಿರಲಿಲ್ಲ. 1954ರಲ್ಲಿ ಅದೇ ದೇಶದ ಡಾ. ಲಿಲ್ಲೆಹೈ ಬೇರೆ ದಾರಿ ಹುಡುಕಿದರು. ಮಗುವಿನ ಪಕ್ಕದ ಮೇಜಿನ ಮೇಲೆ ದೊಡ್ಡವರೊಬ್ಬರನ್ನು ಮಲಗಿಸಿದರು. ಹೆಚ್ಚಾಗಿ ಅದು ಮಗುವಿನ ಅಪ್ಪ ಅಥವಾ ಅಮ್ಮ. ಇಬ್ಬರ ರಕ್ತನಾಳಗಳನ್ನು ಕೊಳವೆಯಿಂದ ಸೇರಿಸಿದರು. ಹೆತ್ತವರ ಹೃದಯವೇ ಮಗುವಿನ ರಕ್ತವನ್ನೂ ಓಡಿಸಿತು. ಹೀಗೆ 45 ಜನರಿಗೆ ಆಪರೇಷನ್ ಮಾಡಿದರು. ಬಹುತೇಕ ಎಲ್ಲರೂ ಮಕ್ಕಳು. 28 ಜನ ಬದುಕಿ ಮನೆಗೆ ಹೋದರು. ಅದಕ್ಕೆ ಮುಂಚೆ ಅಂಥ ಮಕ್ಕಳಿಗೆ ದಾರಿಯೇ ಇರಲಿಲ್ಲ.

ಈಗ ಯಂತ್ರ ಚೆನ್ನಾಗಿದೆ. ತಾಯಿ ತಂದೆ ಮೇಜಿನ ಮೇಲೆ ಮಲಗಬೇಕಾಗಿಲ್ಲ. ಆದರೆ ಆಪರೇಷನ್ನಿಗೆ ರಕ್ತ ಬೇಕು. ಅದು ಕಾರ್ಖಾನೆಯಲ್ಲಿ ಆಗುವುದಿಲ್ಲ. ಮನುಷ್ಯರೇ ಕೊಡಬೇಕು. ನಮ್ಮ ಮಗುವಿನ ಸೋದರಮಾವ ಊರಿನ ನಾಲ್ಕು ಹುಡುಗರ ಜೊತೆ ಬಂದು ರಕ್ತ ಕೊಟ್ಟಿದ್ದ. ರಕ್ತ ಕೊಟ್ಟರೆ ಶಕ್ತಿ ಹೋಗುತ್ತೆ ಅನ್ನುವುದು ಸುಳ್ಳು. ಗಟ್ಟಿಮುಟ್ಟಾದವರು ಕೊಡಬಹುದು.

12 ಗಂಟೆ: "ಹೆಣ್ಣು ಮಗು, ಬಿಡಿ"

ತಂದೆ ಮೆಲ್ಲಗೆ ಹೇಳಿದ. "ಊರಲ್ಲಿ ಎಲ್ಲರೂ ಅಂದರು. ಹೆಣ್ಣು ಮಗು, ಎದೆ ಮೇಲೆ ಗಾಯದ ಗುರುತು ಉಳಿಯುತ್ತೆ, ನಾಳೆ ಯಾರು ಮದುವೆ ಆಗುತ್ತಾರೆ, ಬಿಡು ಅಂತ."

ಈ ಮಾತು ನಮ್ಮೂರಿನಲ್ಲಿ ಮಾತ್ರ ಇಲ್ಲ. ಹೃದಯದ ಆಪರೇಷನ್ನಿಗೆ ಗಂಡು ಮಕ್ಕಳನ್ನು ಕರೆತಂದಷ್ಟು ಹೆಣ್ಣು ಮಕ್ಕಳನ್ನು ಕರೆತರುವುದಿಲ್ಲ ಅಂತ ನಮ್ಮ ದೇಶದ ಡಾಕ್ಟರುಗಳೇ ಕಂಡುಕೊಂಡಿದ್ದಾರೆ. ತೂತು ಗಂಡು ಹೆಣ್ಣು ಅಂತ ನೋಡುವುದಿಲ್ಲ. ನೋಡುವವರು ನಾವು.

ನಡೆದ ಒಂದು ಸಂಗತಿ ಕೇಳಿ. 2003ನೇ ಇಸವಿ. ಭಾರತ, ಪಾಕಿಸ್ತಾನದ ನಡುವೆ ಮಾತುಕತೆ ಕೆಟ್ಟಿತ್ತು. ದೆಹಲಿ-ಲಾಹೋರ್ ಬಸ್ಸು ನಿಂತು ಹೋಗಿತ್ತು. ಜುಲೈ ತಿಂಗಳಲ್ಲಿ ಬಸ್ಸು ಮತ್ತೆ ಶುರುವಾಯಿತು. ಆ ಬಸ್ಸಿನಲ್ಲಿ ಲಾಹೋರಿನಿಂದ ಒಂದು ಪುಟ್ಟ ಮಗು ಬಂತು. ಹೆಸರು ನೂರ್ ಫಾತಿಮಾ. ಎರಡೂವರೆ ವರ್ಷ. ಹೆಣ್ಣು ಮಗು. ಅದರ ಹೃದಯದಲ್ಲೂ ತೂತು. ಅಪ್ಪ ಅಮ್ಮ ಅದನ್ನು ಎತ್ತಿಕೊಂಡು ಗಡಿ ದಾಟಿ ನಮ್ಮ ಬೆಂಗಳೂರಿಗೆ ಬಂದರು. ಬೊಮ್ಮಸಂದ್ರದ ನಾರಾಯಣ ಹೃದಯಾಲಯದಲ್ಲಿ ಆಪರೇಷನ್ ಆಯಿತು. ಆ ತಾಯಿಯೂ ಹೀಗೇ ಬಾಗಿಲ ಹೊರಗೆ ಕಾದಳು. ಅವಳಿಗೆ ಕನ್ನಡ ಬಾರದು. ನಮ್ಮ ಜನಕ್ಕೆ ಅವಳ ಊರು ಗೊತ್ತಿಲ್ಲ. ಆದರೂ ನಮ್ಮವರು ಗೊಂಬೆ ಕಳುಹಿಸಿದರು. ದೇವರಲ್ಲಿ ಬೇಡಿಕೊಂಡರು. ಮಗು ಬದುಕಿ ಊರಿಗೆ ಹೋಯಿತು.

ಒಂದು ಹೆಣ್ಣು ಮಗುವಿಗಾಗಿ ಅವರು ದೇಶ ದಾಟಿ ಬಂದರು. ನಮಗೆ ಬೆಂಗಳೂರು ಎಷ್ಟು ದೂರ? ರಾಮನಗರದಿಂದ, ಚನ್ನಪಟ್ಟಣದಿಂದ ರೈಲಿದೆ. ಮಾಗಡಿಯಿಂದ, ಕನಕಪುರದಿಂದ ಬಸ್ಸಿದೆ. ಎದೆಯ ಗಾಯದ ಗೀರು ಕಳಂಕ ಅಲ್ಲ. ಮಗು ಬದುಕಿ ಬಂದ ಗುರುತು.

1 ಗಂಟೆ: ಊಟ ಮಾಡಬೇಕು

ತಾಯಿ ಬೆಳಿಗ್ಗೆಯಿಂದ ನೀರು ಕೂಡ ಕುಡಿದಿಲ್ಲ. "ಮಗು ಹೊರಗೆ ಬರುವ ತನಕ ಬಾಯಿಗೆ ಏನೂ ಹಾಕಲ್ಲ" ಅಂತ ಹರಕೆ ಹೊತ್ತಿದ್ದಾಳೆ. ಹರಕೆ ನಿಮ್ಮ ನಂಬಿಕೆ. ಬೇಡ ಅನ್ನುವುದಿಲ್ಲ. ಆದರೆ ಸಂಜೆ ಡಾಕ್ಟರು ಬಂದು ಮಾತಾಡಿದಾಗ ತಲೆ ಸುತ್ತಿ ಬಿದ್ದರೆ? ರಾತ್ರಿ ಮಗು "ಅಮ್ಮ" ಅಂದಾಗ ನಿಲ್ಲಲು ಶಕ್ತಿ ಇಲ್ಲದಿದ್ದರೆ? ಒಬ್ಬರು ಬಾಗಿಲ ಹತ್ತಿರ ಇರಿ. ಒಬ್ಬರು ಹೋಗಿ ಉಂಡು ಬನ್ನಿ. ಸರದಿ ಮಾಡಿಕೊಳ್ಳಿ.

ಈ ಹೊತ್ತಿನಲ್ಲಿ ದುಡ್ಡಿನ ಚಿಂತೆಯೂ ಕಾಡುತ್ತೆ. ಆ ತಂದೆ ಆಪರೇಷನ್ನಿಗಾಗಿ ಹೊಲ ಮಾರಲು ಹೊರಟಿದ್ದ. ಹೊಲ ಉಳಿಯಿತು. ಹೇಗೆ? ಅಂಗನವಾಡಿಗೆ ಮಕ್ಕಳ ತಪಾಸಣೆಗೆ ಡಾಕ್ಟರ ತಂಡ ಬಂದಿತ್ತು. ಅದು ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ. 2013ರಲ್ಲಿ ಶುರುವಾದ ಕಾರ್ಯಕ್ರಮ. ಹುಟ್ಟಿದ ಮಗುವಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುತ್ತಾರೆ. ಮಗುವಿನ ಎದೆಯ ಸದ್ದು ಕೇಳಿ ಅವರೇ ಮೊದಲು ಅನುಮಾನಪಟ್ಟರು. ಚೀಟಿ ಬರೆದು ದೊಡ್ಡ ಆಸ್ಪತ್ರೆಗೆ ಕಳುಹಿಸಿದರು.

ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತೆ. ಪಟ್ಟಿಯಲ್ಲಿರುವ ಆಸ್ಪತ್ರೆಗೇ ಹೋಗಬೇಕು. ರೇಷನ್ ಕಾರ್ಡು, ಆಧಾರ್ ಕಾರ್ಡು, ಸರ್ಕಾರಿ ಆಸ್ಪತ್ರೆಯ ಚೀಟಿ ಇಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ ಆರೋಗ್ಯಮಿತ್ರ ಎಂಬುವವರು ಇರುತ್ತಾರೆ. ಮೊದಲು ಅವರನ್ನು ಕೇಳಿ. ಬಡ್ಡಿಗೆ ಸಾಲ ತರುವ ಮುಂಚೆ ಕೇಳಿ.

ಬನ್ನೇರುಘಟ್ಟ ರಸ್ತೆಯ ಜಯದೇವ ಆಸ್ಪತ್ರೆ ಸರ್ಕಾರದ್ದು. ಹೃದಯಕ್ಕೆಂದೇ ಇರುವ ಆಸ್ಪತ್ರೆ. 2025ರಿಂದ ಅದರ ಹತ್ತಿರವೇ ಮೆಟ್ರೊ ನಿಲ್ದಾಣವೂ ಇದೆ. ಕನಕಪುರದವರು ರೇಷ್ಮೆ ಸಂಸ್ಥೆಯ ಹತ್ತಿರ ಬಸ್ಸಿಳಿದು ಹಸಿರು ಮಾರ್ಗದ ರೈಲು ಹತ್ತಬಹುದು. ಆರ್.ವಿ. ರಸ್ತೆಯಲ್ಲಿ ಹಳದಿ ಮಾರ್ಗಕ್ಕೆ ಬದಲಾಯಿಸಬಹುದು. ಬೋರ್ಡು ಕನ್ನಡದಲ್ಲಿದೆ. ಓದಿಕೊಂಡೇ ಹೋಗಿ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಲ್ಲಿ ಶುರುವಾಯಿತು. ಅಲ್ಲಿ ಚಿಕಿತ್ಸೆಗೆ ಹಣ ಪಡೆಯುವುದಿಲ್ಲ.

2 ಗಂಟೆ: ಇನ್ನೂ ಬಂದಿಲ್ಲ

ಡಾಕ್ಟರು ನಾಲ್ಕೈದು ಗಂಟೆ ಅಂದಿದ್ದರು. ಏಳು ಗಂಟೆ ಆಯಿತು. ಪಕ್ಕದಲ್ಲಿ ಕೂತವರು ಏನೇನೋ ಹೇಳುತ್ತಾರೆ. "ನಮ್ಮೂರಿನ ಒಂದು ಮಗು ಹೀಗೇ ಲೇಟಾಯಿತು, ಆಮೇಲೆ..." ಅಂತ ಶುರು ಮಾಡುತ್ತಾರೆ. ಅಂಥ ಮಾತು ಕೇಳಬೇಡಿ. ನೀವೂ ಆಡಬೇಡಿ.

ತಡವಾದರೆ ಕೆಟ್ಟದಾಯಿತು ಅಂತ ಅರ್ಥ ಅಲ್ಲ. ಹೊಲಿಗೆ ಹಾಕಿದ ಮೇಲೆ ರಕ್ತ ಸೋರುತ್ತಿದೆಯೇ ನೋಡಬೇಕು. ಹೃದಯ ತಾನೇ ಚೆನ್ನಾಗಿ ಬಡಿಯುತ್ತಿದೆಯೇ ನೋಡಿ ಯಂತ್ರ ಬಿಡಿಸಬೇಕು. ಆಮೇಲೆ ಎದೆ ಮುಚ್ಚಬೇಕು. ಅವಸರ ಮಾಡುವ ಕೆಲಸ ಅಲ್ಲ. ಅನುಮಾನ ಬಂದರೆ ಎದ್ದು ಹೋಗಿ ಸಿಸ್ಟರನ್ನು ಕೇಳಿ. ತಾಯಿ ಎದ್ದು ಹೋದಳು. "ಸಿಸ್ಟರ್, ನಮ್ಮ ಮಗುವಿನ ವಿಷಯ ಒಳಗೆ ಕೇಳಿ ಹೇಳ್ತೀರಾ?" ಸಿಸ್ಟರ್ ಫೋನ್ ಮಾಡಿ ಕೇಳಿದರು. "ತೇಪೆ ಹಾಕಿ ಆಯ್ತಂತೆ. ಎದೆ ಮುಚ್ಚುತ್ತಿದ್ದಾರೆ." ಅವಳು ಬರೆದುಕೊಂಡಳು. ಅಜ್ಜಿಗೆ ಓದಿ ಹೇಳಿದಳು. ಅಜ್ಜಿ ಏನೂ ಮಾತಾಡಲಿಲ್ಲ. ಸೊಸೆಯ ಕೈ ಹಿಡಿದುಕೊಂಡರು.

ಸಂಜೆ: ಗಾಜಿನ ಆಚೆ

ಡಾಕ್ಟರು ಬಂದು ಹೇಳಿದರು. "ಆಪರೇಷನ್ ಆಯಿತು. ಮುಂದಿನ ಎರಡು ದಿನ ಮುಖ್ಯ."

ಸಂಜೆ ಒಬ್ಬರನ್ನೇ ಐ.ಸಿ.ಯು. ಒಳಗೆ ಬಿಟ್ಟರು. ಮೊದಲ ಸಲ ನೋಡಿದರೆ ಎದೆ ಒಡೆಯುತ್ತೆ. ಬಾಯಲ್ಲಿ ಕೊಳವೆ ಇರುತ್ತೆ. ಎದೆಯಿಂದ ಕೊಳವೆ, ಕೈಗೆ ಸೂಜಿ ಇರುತ್ತೆ. ಮುಖ ಊದಿರಬಹುದು. ಯಂತ್ರ ಕೂಗುತ್ತಿರುತ್ತೆ. ಇದು ನೋವು ಕೊಡಲು ಅಲ್ಲ, ಕಾಪಾಡಲು ಅಂತ ಮೊದಲೇ ತಿಳಿದಿರಿ. ಕೈ ಚೆನ್ನಾಗಿ ತೊಳೆದು ಒಳಗೆ ಹೋಗಿ. ಸಿಸ್ಟರನ್ನು ಕೇಳಿ ಮಗುವಿನ ಕಾಲು ಮುಟ್ಟಿ. ಮೆಲ್ಲಗೆ ಹೆಸರು ಹಿಡಿದು ಕರೆಯಿರಿ.

ಒಂದು ಮಾತು ಮುಚ್ಚಿಡಬಾರದು. ಹೃದಯದ ಆಪರೇಷನ್ ಮಾಡಿಸಿಕೊಂಡ ಹೆಚ್ಚಿನ ಮಕ್ಕಳು ಮನೆಗೆ ಬರುತ್ತಾರೆ. ಕೆಲವರು ಬರುವುದಿಲ್ಲ. ಎಷ್ಟೇ ಮಾಡಿದರೂ ಹಾಗಾಗುವುದುಂಟು. ಹಾಗಾದ ತಾಯಿ ನಿಮ್ಮ ಊರಿನಲ್ಲಿ ಇದ್ದರೆ ಅವಳ ಮನೆಗೆ ಹೋಗಿ. "ಸುಮ್ಮನೆ ಕೊಯ್ಯಿಸಿದೆ" ಅನ್ನಬೇಡಿ. ಅವಳು ಮಗುವಿಗೆ ಒಂದು ದಾರಿ ಹುಡುಕಿದಳು. ಅವಳ ಜೊತೆ ಕೂತುಕೊಳ್ಳಿ.

ನಮ್ಮ ಕಥೆಯ ಮಗು ಒಂಬತ್ತನೇ ದಿನ ಮನೆಗೆ ಬಂತು. ತಾಯಿಯ ಪುಸ್ತಕದಲ್ಲಿ ಹೀಗಿತ್ತು. "ರಟ್ಟೆ ಹಿಡಿದು ಎತ್ತಬಾರದು. ಬೆನ್ನಿಗೆ ಒಂದು ಕೈ, ಸೊಂಟದ ಕೆಳಗೆ ಒಂದು ಕೈ ಕೊಟ್ಟು ಎತ್ತಬೇಕು." ಎದೆಯ ಮೂಳೆ ಕೂಡಲು ವಾರಗಟ್ಟಲೆ ಬೇಕು, ಅದಕ್ಕೆ. "ಔಷಧಿ ತಪ್ಪಿಸಬಾರದು. ಜ್ವರ ಬಂದರೆ, ಗಾಯ ಕೆಂಪಾದರೆ, ಕೀವು ಬಂದರೆ ಕೂಡಲೇ ಕರೆತರಬೇಕು. ಹಲ್ಲು ಚೊಕ್ಕಟ ಇರಬೇಕು." ಹಲ್ಲಿನ ಹುಳುಕಿನಿಂದ ಸೋಂಕು ರಕ್ತಕ್ಕೆ ಸೇರಿ ಹೃದಯಕ್ಕೆ ಹೋಗಬಹುದು. ಕೊನೆಯ ಸಾಲು ತಿರುಗಿ ತೋರಿಸಬೇಕಾದ ತಾರೀಕು. ಅದನ್ನು ಅವಳು ದೊಡ್ಡದಾಗಿ ಬರೆದು ಗೋಡೆಗೆ ಅಂಟಿಸಿದಳು.

ಅಕ್ಕಂದಿರೇ, ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಒಂದು ಹಾಳೆ ತೆಗೆದುಕೊಳ್ಳಿ. ಮನೆಯ ಪ್ರತಿ ಮಗುವಿನ ಹೆಸರು, ಹುಟ್ಟಿದ ತಾರೀಕು, ತೂಕ ಬರೆಯಿರಿ. ಹಾಕಿಸಿದ ಲಸಿಕೆ ಬರೆಯಿರಿ. ರೇಷನ್ ಕಾರ್ಡಿನ ನಂಬರು ಬರೆಯಿರಿ. ಆಶಾ ಕಾರ್ಯಕರ್ತೆಯ ಫೋನ್ ನಂಬರು ಬರೆಯಿರಿ. ಯಾವ ಮಗುವಾದರೂ ಹಾಲು ಕುಡಿಯುವಾಗ ಬೆವರುತ್ತೆಯೇ, ಏದುಸಿರು ಬಿಡುತ್ತೆಯೇ ಗಮನಿಸಿ. ಬಿಡುತ್ತಿದ್ದರೆ ನಾಳೆಯೇ ಅಂಗನವಾಡಿ ಟೀಚರಿಗೆ ಹೇಳಿ.

ಅಕ್ಷರ ಕಲಿತದ್ದು ಬಸ್ಸಿನ ಬೋರ್ಡು ಓದಲು ಮಾತ್ರ ಅಲ್ಲ. ಮುಚ್ಚಿದ ಬಾಗಿಲ ಹೊರಗೆ ಕೂತಾಗ ಧೈರ್ಯವಾಗಿ ಎದ್ದು ಹೋಗಿ ಕೇಳಲೂ ಬೇಕು.

ನಿಮ್ಮ ಮಕ್ಕಳೆಲ್ಲ ಗಟ್ಟಿಯಾಗಿರಲಿ.